ಒಂದೂವರೆ ಮೀಟರಿನ ಲೆಕ್ಕ: ಸೈಕಲ್ಲೂ ಮೋಟಾರು ವಾಹನವೂ ಒಂದೇ ರಸ್ತೆಯಲ್ಲಿ

ಸೈಕಲ್ ತುಳಿಯುವವರಿಗೂ ಮೋಟಾರು ಓಡಿಸುವವರಿಗೂ ನಡುವಿನ ತಕರಾರು ಬಹುಮಟ್ಟಿಗೆ ಜಾಗದ ತಕರಾರು. ಆದ್ದರಿಂದ ತಾಳ್ಮೆ, ಸೌಜನ್ಯದ ಮಾತಿಗೆ ಹೋಗುವ ಮೊದಲು ಟೇಪು ಹಿಡಿದು ರಸ್ತೆ ಅಳೆಯುವುದು ಒಳ್ಳೆಯದು. ಹೆದ್ದಾರಿಯಲ್ಲಿ ಒಂದು ಲೇನಿನ ಅಗಲ ಸಾಮಾನ್ಯವಾಗಿ 3.5 ಮೀಟರ್. ಊರೊಳಗೆ 3 ಮೀಟರ್ ಸಿಕ್ಕರೂ ಪುಣ್ಯ. ಸಿಟಿ ಬಸ್ಸಿನ ಮೈಯಗಲ ಸುಮಾರು 2.5 ಮೀಟರ್, ಕನ್ನಡಿಗಳು ಬೇರೆ. ಸಣ್ಣ ಕಾರು 1.7 ಮೀಟರ್. ಸೈಕಲ್ಲಿನ ಹ್ಯಾಂಡಲ್ 60 ಸೆಂಟಿಮೀಟರ್.

ಈಗ ಕೂಡಿ ನೋಡಿ. ಸೈಕಲ್ಲಿನ ಚಕ್ರ ರಸ್ತೆಯ ಅಂಚಿನಿಂದ 75 ಸೆಂಟಿಮೀಟರ್ ಒಳಗಿದ್ದರೆ ಹ್ಯಾಂಡಲ್ಲಿನ ಬಲತುದಿ 1.05 ಮೀಟರಿಗೆ ಬರುತ್ತದೆ. ಅಲ್ಲಿಂದ ಒಂದೂವರೆ ಮೀಟರ್ ಅಂತರ ಬಿಟ್ಟರೆ 2.55. ಅದರಾಚೆ ಸಣ್ಣ ಕಾರು ಇಟ್ಟರೆ 4.25 ಮೀಟರ್. ಅಂದರೆ 3.5 ಮೀಟರಿನ ಹೆದ್ದಾರಿ ಲೇನಿನಲ್ಲೂ ಕಾರು ಮುಕ್ಕಾಲು ಮೀಟರ್ ಪಕ್ಕದ ಲೇನಿಗೆ ಹೋಗದೆ ಸೈಕಲ್ ದಾಟುವಂತಿಲ್ಲ. ಬಸ್ಸಿಗಾದರೆ ಐದು ಮೀಟರ್ ಬೇಕು. ಸೈಕಲ್ಲಿನವರು ಎಷ್ಟೇ ಅಂಚಿಗೆ ಸರಿದರೂ ಅದೇ ಲೇನಿನೊಳಗೆ ಸುರಕ್ಷಿತವಾಗಿ ಓವರ್‌ಟೇಕ್ ಮಾಡುವಷ್ಟು ಜಾಗ ಹುಟ್ಟುವುದಿಲ್ಲ. ಈ ಲೇಖನದಲ್ಲಿ ಮುಂದೆ ಬರುವ ಬಹುತೇಕ ಸಲಹೆಗಳಿಗೆ ಈ ಲೆಕ್ಕವೇ ಆಧಾರ.

ಒಂದೂವರೆ ಮೀಟರೇ ಏಕೆ? ಗುಂಡಿ ತಪ್ಪಿಸಲು ಸೈಕಲ್ ಅರ್ಧ ಮೀಟರ್ ಪಕ್ಕಕ್ಕೆ ಸರಿಯುವುದು ಸಾಮಾನ್ಯ. ಸವಾರರು ಬಲಕ್ಕೆ ಉರುಳಿದರೆ ಅವರ ತಲೆ ಬೀಳುವುದು ಸುಮಾರು ಒಂದೂವರೆ ಮೀಟರ್ ದೂರಕ್ಕೆ. ವೇಗವಾಗಿ ಹೋಗುವ ಲಾರಿಯ ಗಾಳಿ ಮೊದಲು ಹೊರಕ್ಕೆ ತಳ್ಳಿ, ಲಾರಿ ದಾಟಿದ ಮೇಲೆ ಒಳಕ್ಕೆ ಎಳೆಯುತ್ತದೆ. ಬ್ರಿಟನ್ನಿನ ಹೈವೇ ಕೋಡ್ 2022ರಿಂದ ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಕನಿಷ್ಠ 1.5 ಮೀಟರ್, ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಇನ್ನೂ ಹೆಚ್ಚು ಎನ್ನುತ್ತದೆ. ಜರ್ಮನಿ 2020ರಲ್ಲಿ ಊರೊಳಗೆ 1.5, ಊರಾಚೆ 2 ಮೀಟರ್ ಎಂದು ನಿಗದಿ ಮಾಡಿತು. ನಮ್ಮಲ್ಲಿ 2017ರ ಮೋಟಾರು ವಾಹನ ಚಾಲನಾ ನಿಯಮಗಳು ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರ ವಿಷಯದಲ್ಲಿ ಚಾಲಕರು ವಿಶೇಷ ಎಚ್ಚರ ವಹಿಸಬೇಕೆಂದು ಹೇಳುತ್ತವೆ. ಎಚ್ಚರ ಎಂದರೆ ಎಷ್ಟು ಎಂದು ಕೇಳುವವರಿಗೆ ಒಂದೂವರೆ ಮೀಟರ್ ಒಳ್ಳೆಯ ಉತ್ತರ.

ಸೈಕಲ್ ತುಳಿಯುವವರಿಗೆ: ಅಂಚು ನಿಮ್ಮ ಜಾಗವಲ್ಲ

ರಸ್ತೆಯ ತೀರಾ ಎಡದ ಅರ್ಧ ಮೀಟರಿನಲ್ಲಿ ಏನೇನಿರುತ್ತದೆ ನೋಡಿ: ಮರಳು, ಗಾಜಿನ ಚೂರು, ಟೈರು ಸಿಡಿದಾಗ ಉದುರಿದ ತಂತಿ, ಮೋರಿಯ ಜಾಲರಿ, ಡಾಂಬರು ಮುಗಿದು ಮಣ್ಣು ಶುರುವಾಗುವ ಏಣು. ಆ ಏಣಿನಿಂದ ಕೆಳಗಿಳಿದ ಮುಂಚಕ್ರವನ್ನು ಓರೆಯಾಗಿ ಮತ್ತೆ ಮೇಲೆ ಹತ್ತಿಸಲು ಹೋದರೆ ಚಕ್ರ ಉಜ್ಜಿಕೊಂಡು ಸವಾರರನ್ನು ಬಲಕ್ಕೆ, ಅಂದರೆ ವಾಹನಗಳ ದಾರಿಗೇ ಕೆಡವುತ್ತದೆ. ಇಳಿದೇಬಿಟ್ಟರೆ ನಿಧಾನಿಸಿ, ನಿಂತು, ಸೈಕಲ್ ಎತ್ತಿ ರಸ್ತೆಗೆ ಇಡಿ.

ಸಾಮಾನ್ಯ ರಸ್ತೆಯಲ್ಲಿ ಚಕ್ರ ಅಂಚಿನಿಂದ 75 ಸೆಂಟಿಮೀಟರಿನಿಂದ 1 ಮೀಟರ್ ಒಳಗಿರಲಿ. ಕಾರುಗಳು ಸಾಲಾಗಿ ನಿಂತಿದ್ದರೆ ಅವುಗಳ ಬಾಗಿಲು ಪೂರ್ತಿ ತೆರೆದಾಗ ಆಕ್ರಮಿಸುವ ಜಾಗ ಬಿಟ್ಟು, ಅಂದರೆ ಕಾರಿನ ಮೈಯಿಂದ 1.2 ಮೀಟರ್ ಆಚೆ, ಸಾಗಿ. ಎರಡು ಕಾರುಗಳ ನಡುವೆ ಜಾಗ ಖಾಲಿ ಕಂಡಾಗೆಲ್ಲ ಒಳನುಗ್ಗಿ ಮತ್ತೆ ಹೊರಬರುವ ಚಾಳಿ ಬಿಡಬೇಕು. ನೀವು ಒಳಗೆ ಹೋದಾಗ ಹಿಂದಿನವರ ಕಣ್ಣಿನಿಂದ ಮರೆಯಾಗುತ್ತೀರಿ, ಹೊರಬಂದಾಗ ಎಲ್ಲಿಂದಲೋ ಉದುರಿದವರಂತೆ ಕಾಣುತ್ತೀರಿ. ನೇರ ಗೆರೆ ಹಿಡಿದು ಹೋಗುವ ಸೈಕಲ್ಲನ್ನು ಅಂದಾಜು ಮಾಡುವುದು ಎಲ್ಲರಿಗೂ ಸುಲಭ.

ಕೆಲವು ಕಡೆ ಲೇನಿನ ನಡುಭಾಗಕ್ಕೇ ಬರಬೇಕಾಗುತ್ತದೆ. ಕಿರಿದಾದ ಸೇತುವೆ, ಕಾಮಗಾರಿಯ ಬ್ಯಾರಿಕೇಡ್ ನಡುವಿನ ಒಂಟಿ ದಾರಿ, ಸರ್ಕಲ್, ಎಡತಿರುವು ಇರುವ ಕೂಡುರಸ್ತೆ, ವಾಹನಗಳ ವೇಗದಲ್ಲೇ ನೀವೂ ಇಳಿಯುತ್ತಿರುವ ಇಳಿಜಾರು ಇಂಥವು. ಅಂಚಿನಲ್ಲಿದ್ದರೆ ಹಿಂದಿನ ಕಾರು ‘ನುಸುಳಬಹುದು’ ಎಂದು ಲೆಕ್ಕ ಹಾಕುತ್ತದೆ. ನಡುವೆ ಇದ್ದರೆ ಆ ಲೆಕ್ಕ ಹಾಕುವ ಪ್ರಶ್ನೆಯೇ ಇಲ್ಲ. ನಡುವಿಗೆ ಬರುವ ಕ್ರಮ ಹೀಗೆ:

1. ಜಾಗ ಕಿರಿದಾಗುವುದಕ್ಕೆ ಕನಿಷ್ಠ 30 ಮೀಟರ್ ಮೊದಲೇ ಬಲಭುಜದ ಮೇಲಿಂದ ಹಿಂದೆ ನೋಡಿ.
2. ಹಿಂದಿನ ವಾಹನ ದೂರವಿದ್ದರೆ ಬಲಗೈ ಚಾಚಿ ಎರಡು ಸೆಕೆಂಡ್ ಹಿಡಿಯಿರಿ. ಹತ್ತಿರವಿದ್ದರೆ ಅದು ದಾಟುವವರೆಗೆ ಕಾಯಿರಿ.
3. ಇನ್ನೊಮ್ಮೆ ನೋಡಿ. ಮೊದಲ ನೋಟಕ್ಕೆ ಬೈಕು ಕಾಣದೆ ಹೋಗಿರಬಹುದು.
4. ಎರಡೂ ಕೈ ಹ್ಯಾಂಡಲ್ ಮೇಲಿಟ್ಟು ನಿಧಾನವಾಗಿ, ಒಂದೇ ಸಲಕ್ಕೆ, ಲೇನಿನ ನಡುವಿಗೆ ಸರಿಯಿರಿ.
5. ರಸ್ತೆ ಅಗಲವಾದ ಕೂಡಲೇ ಎಡಕ್ಕೆ ಮರಳಿ. ಹಿಂದಿನವರನ್ನು ಬೇಕೆಂದೇ ತಡೆಯುವುದು ಸೈಕಲ್ಲಿಗರ ಹಕ್ಕಲ್ಲ, ನಿಧಾನ ವಾಹನ ಎಡಕ್ಕಿರಬೇಕೆಂಬ ನಿಯಮ ನಿಮಗೂ ಇದೆ.

ಇದರಲ್ಲಿ ಕಷ್ಟದ ಭಾಗ ಹಿಂದೆ ನೋಡುವುದು. ತಲೆ ತಿರುಗಿಸಿದ ಕೂಡಲೇ ಹೊಸಬರ ಸೈಕಲ್ಲೂ ಅದೇ ಕಡೆ ವಾಲುತ್ತದೆ, ಏಕೆಂದರೆ ಭುಜದ ಜೊತೆ ಕೈಯೂ ಹ್ಯಾಂಡಲ್ ಎಳೆಯುತ್ತದೆ. ಖಾಲಿ ಮೈದಾನದಲ್ಲಿ 20 ಮೀಟರ್ ಉದ್ದ ಸುಣ್ಣದ ಗೆರೆ ಎಳೆದು, ಹಿಂದೆ ನಿಂತವರು ಎಷ್ಟು ಬೆರಳು ತೋರಿಸಿದರು ಎಂದು ನೋಡಿ ಹೇಳುತ್ತ ಗೆರೆ ಬಿಡದೆ ತುಳಿಯುವ ಅಭ್ಯಾಸ ಮಾಡಿ. ಮೊಣಕೈ ಸಡಿಲವಾಗಿದ್ದರೆ ಬರುತ್ತದೆ. ಸರ್ಕಾರ 2006–07ರಿಂದ ವರ್ಷಗಟ್ಟಲೆ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಹಿಂದೆ ನೋಡಿ ತಿರುಗುವುದನ್ನು ಶಾಲೆಯ ಮೈದಾನದಲ್ಲೇ ಒಂದು ಮಧ್ಯಾಹ್ನ ಕಲಿಸಿಬಿಡಬಹುದು. ಮಗುವಿಗೆ ಇದು ಬಾರದಿದ್ದರೆ ಮುಖ್ಯರಸ್ತೆಗೆ ಕಳಿಸುವುದು ಬೇಡ.

ಲೇನ್ ಹಿಡಿಯುವ ಈ ಉಪಾಯ ಊರೊಳಗಿನ 30–40 ಕಿ.ಮೀ. ವೇಗದ ರಸ್ತೆಗೆ ಮಾತ್ರ. ಹೆದ್ದಾರಿಯಲ್ಲಿ ಕಾರು 80, ನೀವು 20 ಎಂದುಕೊಳ್ಳಿ. ವ್ಯತ್ಯಾಸ 60 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ನೂರು ಮೀಟರ್ ಹಿಂದಿದ್ದ ಕಾರು ಆರು ಸೆಕೆಂಡಿಗೆ ಮೈಮೇಲೆ ಬರುತ್ತದೆ. ಚಾಲಕರು ಮೊಬೈಲ್ ನೋಡಲು ಅಷ್ಟು ಹೊತ್ತು ಸಾಕು. ಅಲ್ಲಿ ಬಿಳಿ ಗೆರೆಯಾಚೆಯ ಡಾಂಬರು ಪಟ್ಟಿಯಲ್ಲೋ ಸರ್ವಿಸ್ ರಸ್ತೆಯಲ್ಲೋ ಹೋಗುವುದೇ ಸರಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ, ಸೈಕಲ್ಲು ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ವಾಹನ ಬರುವುದಿಲ್ಲ ಎಂದು ನಂಬಿ ಮಾತ್ರ ಹೋಗಬೇಡಿ.

ಹಾಗೆಯೇ ನೀವೂ ಎದುರು ದಿಕ್ಕಿನಲ್ಲಿ ಬರಬೇಡಿ. ‘ಬರುವ ವಾಹನ ಕಾಣುತ್ತದಲ್ಲ, ಅದೇ ಕ್ಷೇಮ’ ಎಂಬ ವಾದ ಹಳ್ಳಿಯಲ್ಲೂ ಪಟ್ಟಣದಲ್ಲೂ ಕೇಳಿಸುತ್ತದೆ. ನಡೆಯುವವರಿಗೆ ಅದು ಸರಿ, ಏಕೆಂದರೆ ಅವರು ಪಕ್ಕಕ್ಕೆ ಹೆಜ್ಜೆ ಇಡಬಲ್ಲರು. ಸೈಕಲ್ಲಿನಲ್ಲಿ ಎರಡೂ ವೇಗ ಕೂಡಿಕೊಳ್ಳುತ್ತವೆ. ಅದಲ್ಲದೆ ಅಡ್ಡರಸ್ತೆಯಿಂದ ಎಡಕ್ಕೆ ತಿರುಗುವ ಚಾಲಕರು ನೋಡುವುದು ಬಲಗಡೆ ಮಾತ್ರ. ನೀವು ಅವರ ಎಡದಿಂದ ಬರುತ್ತಿರುತ್ತೀರಿ.

ಬಲಕ್ಕೆ ತಿರುಗುವುದು

ಸೈಕಲ್ಲಿಗೆ ಬಲತಿರುವಿನಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ. ನಾಲ್ಕು ಲೇನ್ ದಾಟಿ ನಡುವಿಗೆ ಬಂದು ಕಾಯುವ ಧೈರ್ಯ ಎಲ್ಲರಿಗೂ ಬೇಕಿಲ್ಲ. ಎರಡು ಹಂತದಲ್ಲಿ ತಿರುಗಿದರೆ ಒಂದು ಸಿಗ್ನಲ್ ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಹಸಿರು ಬಂದಾಗ ಎಡಬದಿಯಲ್ಲೇ ನೇರವಾಗಿ ಸರ್ಕಲ್ ದಾಟಿ. ಆಚೆ ತುದಿಯ ಎಡಮೂಲೆಯಲ್ಲಿ, ಅಡ್ಡರಸ್ತೆಯ ಸ್ಟಾಪ್ ಗೆರೆ ಮತ್ತು ಜೀಬ್ರಾ ಪಟ್ಟೆಯ ಮುಂದೆ, ಪಾದಚಾರಿಗಳಿಗೆ ಅಡ್ಡಿಯಾಗದಂತೆ ನಿಲ್ಲಿ. ಸೈಕಲ್ಲಿನ ಮೂತಿಯನ್ನು ಬಲಕ್ಕೆ, ನೀವು ಹೋಗಬೇಕಾದ ದಿಕ್ಕಿಗೆ ತಿರುಗಿಸಿ. ಆ ರಸ್ತೆಯವರಿಗೆ ಹಸಿರು ಬಂದಾಗ ಅವರ ಜೊತೆ ಹೊರಡಿ. ಆ ಮೂಲೆ ಫ್ರೀ ಲೆಫ್ಟ್ ದಾರಿಯಾಗಿದ್ದರೆ ಅಲ್ಲಿ ನಿಲ್ಲುವಂತಿಲ್ಲ. ಆಗ ಇಳಿದು ಜೀಬ್ರಾ ಪಟ್ಟೆಯ ಮೇಲೆ ತಳ್ಳಿಕೊಂಡು ಹೋಗಿ.

ಹಸಿರು ಮುಗಿಯುವ ಹೊತ್ತಿಗೆ ಸರ್ಕಲ್ಲಿಗೆ ನುಗ್ಗಬೇಡಿ. ನಿಂತಲ್ಲಿಂದ ಹೊರಟ ಸೈಕಲ್ಲಿನ ಸರಾಸರಿ ವೇಗ ಗಂಟೆಗೆ 10 ಕಿ.ಮೀ. ಎಂದಿಟ್ಟುಕೊಂಡರೆ 30 ಮೀಟರ್ ಅಗಲದ ಸರ್ಕಲ್ ದಾಟಲು 11 ಸೆಕೆಂಡ್ ಬೇಕು. ಹಳದಿ ದೀಪ ಉರಿಯುವುದು ಅದರ ಕಾಲುಭಾಗದಷ್ಟು ಹೊತ್ತು.

ಸಣ್ಣ ರಸ್ತೆಯಲ್ಲಿ ನೇರವಾಗಿಯೇ ಬಲಕ್ಕೆ ತಿರುಗುವವರು ಒಂದು ವಿಷಯ ಗಮನಿಸಬೇಕು. ನಮ್ಮ ಹೆಚ್ಚಿನ ಸೈಕಲ್‌ಗಳಲ್ಲಿ ಬಲಗೈ ಬ್ರೇಕ್ ಮುಂಚಕ್ರದ್ದು, ಎಡಗೈಯದು ಹಿಂಚಕ್ರದ್ದು. ಬಲಗೈ ಚಾಚಿದಾಗ ನಿಮ್ಮ ಹಿಡಿತದಲ್ಲಿ ಉಳಿಯುವುದು ಶಕ್ತಿ ಕಡಿಮೆಯ ಹಿಂಬ್ರೇಕ್. ಆದ್ದರಿಂದ ಮೊದಲು ವೇಗ ಇಳಿಸಿ, ಆಮೇಲೆ ಕೈ ಚಾಚಿ. ತಿರುಗುವಾಗ ಎರಡೂ ಕೈ ಹ್ಯಾಂಡಲ್ ಮೇಲಿರಲಿ. ಎಡಕ್ಕೆ ಹೋಗುವುದಾದರೆ ಎಡಗೈ ನೇರ ಚಾಚಿದರೆ ಸಾಕು. ಕಾರಿನವರಂತೆ ಬಲಗೈ ಸುತ್ತಿಸಿ ತೋರಿಸುವ ಸನ್ನೆ ಈಗಿನ ಅನೇಕ ಚಾಲಕರಿಗೆ ಅರ್ಥವೂ ಆಗುವುದಿಲ್ಲ.

ಮೈಸೂರಿನಂಥ ಊರಿನ ದೊಡ್ಡ ವೃತ್ತಗಳಲ್ಲಿ ನಿಯಮ ಸರಳ: ವೃತ್ತದೊಳಗೆ ಈಗಾಗಲೇ ಸುತ್ತುತ್ತಿರುವ, ನಿಮ್ಮ ಬಲದಿಂದ ಬರುವ ವಾಹನಕ್ಕೆ ದಾರಿ ಬಿಡಬೇಕು. ಆದರೆ ಎಡ ಅಂಚು ಹಿಡಿದು ಪೂರ್ತಿ ಸುತ್ತಲು ಹೋದರೆ ಪ್ರತಿ ಹೊರದಾರಿಯಲ್ಲೂ ನಿಮ್ಮ ಮುಂದೆ ಯಾರಾದರೂ ಎಡಕ್ಕೆ ಕತ್ತರಿಸುತ್ತಾರೆ. ಮೊದಲ ದಾರಿಯಲ್ಲೇ ಹೊರಗೆ ಹೋಗದಿದ್ದರೆ ಲೇನಿನ ನಡುವೆ ಇರಿ, ಹೊರಹೋಗುವ ಮೊದಲು ಎಡಗೈ ತೋರಿಸಿ.

ಎಡಗಡೆಯ ಗಂಡಾಂತರ

ಬಸ್ಸು, ಟಿಪ್ಪರ್, ಲಾರಿಗಳ ಎಡಬದಿಗೆ ನುಸುಳುವುದೇ ಸೈಕಲ್ ಸವಾರರು ಮಾಡುವ ಅತಿ ದುಬಾರಿ ತಪ್ಪು. ಬಸ್ಸು ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಹೋಗುವುದಿಲ್ಲ, ಒಂದರಿಂದ ಎರಡು ಮೀಟರ್ ಒಳಕ್ಕೆ ಕತ್ತರಿಸುತ್ತದೆ. ತಿರುವಿನ ಆರಂಭದಲ್ಲಿ ಎಡಕ್ಕೆ ಧಾರಾಳ ಜಾಗ ಕಾಣುತ್ತದೆ. ಮೂರು ಸೆಕೆಂಡಿನಲ್ಲಿ ಆ ಜಾಗ ಇರುವುದಿಲ್ಲ. ಉದ್ದದ ವಾಹನದವರು ತಿರುಗುವ ಮೊದಲು ಸ್ವಲ್ಪ ಬಲಕ್ಕೆ ಎಳೆದುಕೊಳ್ಳುವುದರಿಂದ ‘ಬಲಕ್ಕೆ ಹೋಗುತ್ತಿದೆ’ ಎಂದು ಮೋಸ ಹೋಗುವುದೂ ಉಂಟು.

ಸಿಗ್ನಲ್ಲಿನಲ್ಲಿ ದೊಡ್ಡ ವಾಹನ ನಿಂತಿದ್ದರೆ ಅದರ ಹಿಂದೆಯೇ ನಿಲ್ಲಿ. ಮುಂದೆ ಹೋಗಲೇಬೇಕೆಂದರೆ ಚಾಲಕರ ಕಣ್ಣಿಗೆ ಬೀಳುವಷ್ಟು, ಕನಿಷ್ಠ ಮೂರು ಮೀಟರ್ ಮುಂದಕ್ಕೆ ಹೋಗಿ ನಿಲ್ಲಬೇಕು. ಬಂಪರಿಗೆ ಅಂಟಿ ನಿಂತರೆ ಎತ್ತರದ ಕ್ಯಾಬಿನ್ನಿನಿಂದ ನೀವು ಕಾಣುವುದಿಲ್ಲ. ಪರೀಕ್ಷೆ ಒಂದೇ: ವಾಹನದ ಕನ್ನಡಿಯಲ್ಲಿ ಚಾಲಕರ ಮುಖ ನಿಮಗೆ ಕಾಣದಿದ್ದರೆ, ನೀವೂ ಅವರಿಗೆ ಕಾಣುತ್ತಿಲ್ಲ.

ಬಸ್ ಸ್ಟಾಪಿನ ಬಳಿ ಬಸ್ಸು ನಿಮ್ಮನ್ನು ದಾಟಿ ಎಡಕ್ಕೆ ಬಂದು ನಿಲ್ಲುತ್ತದೆ, ನೀವು ಬಸ್ಸನ್ನು ದಾಟುತ್ತೀರಿ, ಮತ್ತೆ ಅದು ನಿಮ್ಮನ್ನು ದಾಟುತ್ತದೆ. ಮುಂದಿನ ಸ್ಟಾಪಿನಲ್ಲಿ ಅದೇ ಕಥೆ. ಒಂದು ಸಲ ಅದರ ಹಿಂದೆ ಹತ್ತು ಸೆಕೆಂಡ್ ನಿಂತು ಬಸ್ಸನ್ನು ಮುಂದೆ ಕಳಿಸಿದರೆ ಈ ಆಟ ಮುಗಿಯುತ್ತದೆ. ನಿಂತ ಬಸ್ಸಿನ ಎಡದಿಂದ ಎಂದೂ ಹೋಗಬೇಡಿ, ಜನ ಇಳಿಯುತ್ತಿರುತ್ತಾರೆ. ಆಟೊದವರದು ಇನ್ನೊಂದು ಬಗೆ. ಗಿರಾಕಿ ಕೈ ತೋರಿಸಿದರೆ ಇಂಡಿಕೇಟರ್ ಇಲ್ಲದೆ ಎಡಕ್ಕೆ ಬರುತ್ತಾರೆ. ಖಾಲಿ ಆಟೊ ನಿಧಾನವಾಗಿ ಮುಂದೆ ಹೋಗುತ್ತಿದ್ದರೆ, ಫುಟ್‌ಪಾತಿನಲ್ಲಿ ಯಾರಾದರೂ ನಿಂತಿದ್ದರೆ, ಅದು ತಿರುಗಿಯೇ ತಿರುಗುತ್ತದೆ ಎಂದುಕೊಂಡು ಬ್ರೇಕ್ ಮೇಲೆ ಬೆರಳಿಡಿ.

ಫ್ರೀ ಲೆಫ್ಟ್ ಇರುವ ಸಿಗ್ನಲ್ಲಿನಲ್ಲಿ ನೇರ ಹೋಗುವವರು ತೀರಾ ಎಡಕ್ಕೆ ನಿಂತರೆ ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಾರೆ, ಹೊರಟ ಮೇಲೆ ನಿಮ್ಮ ಮುಂದೆಯೇ ಎಡಕ್ಕೆ ತಿರುಗುತ್ತಾರೆ. ನೇರ ಹೋಗುವ ಲೇನಿನ ಎಡಭಾಗದಲ್ಲಿ ನಿಲ್ಲಿ.

ಕಾರು, ಬೈಕು, ಬಸ್ಸು ಓಡಿಸುವವರಿಗೆ

ಸೈಕಲ್ಲನ್ನು ಓವರ್‌ಟೇಕ್ ಮಾಡುವುದು ಇನ್ನೊಂದು ಕಾರನ್ನು ಮಾಡಿದಂತೆಯೇ. ಜಾಗ ಕಡಿಮೆ ತಿನ್ನುತ್ತದೆಂದು ನಿಯಮ ಬದಲಾಗುವುದಿಲ್ಲ.

1. ಮುಂದೆ ಸೈಕಲ್ ಕಂಡ ಕೂಡಲೇ ಆಕ್ಸಲರೇಟರಿನಿಂದ ಕಾಲು ತೆಗೆಯಿರಿ. ಅದರ ಮುಂದಿನ ರಸ್ತೆ ನೋಡಿ: ಗುಂಡಿ, ನಿಂತ ಕಾರು, ನೀರು ಇದ್ದರೆ ಸೈಕಲ್ ಬಲಕ್ಕೆ ಬಂದೇ ಬರುತ್ತದೆ.
2. ಎದುರಿನ ಲೇನ್ ಖಾಲಿ ಇಲ್ಲದಿದ್ದರೆ ಸೈಕಲ್ಲಿನ ಹಿಂದೆ ನಿಧಾನಕ್ಕೆ ಸಾಗಿ. ಎದುರಿಗೆ ಲಾರಿ ಬರುತ್ತಿರುವಾಗ ಮೂರೂ ಒಂದೇ ಗೆರೆಯಲ್ಲಿ ಸೇರುವಂತೆ ನುಗ್ಗುವುದು ನಮ್ಮ ದ್ವಿಪಥ ರಸ್ತೆಗಳ ದೊಡ್ಡ ರೋಗ.
3. ಹಾರ್ನ್ ಹೊಡೆಯುವುದಾದರೆ 40–50 ಮೀಟರ್ ದೂರದಲ್ಲೇ, ಚಿಕ್ಕದಾಗಿ. ಬೆನ್ನ ಹಿಂದೆಯೇ ಏರ್ ಹಾರ್ನ್ ಒತ್ತಿದರೆ ಸವಾರರು ಬೆಚ್ಚಿ ಹ್ಯಾಂಡಲ್ ಅಲುಗಿಸುತ್ತಾರೆ, ಅದೂ ನಿಮ್ಮ ಕಡೆಗೆ.
4. ಇಂಡಿಕೇಟರ್ ಹಾಕಿ ಪಕ್ಕದ ಲೇನಿಗೆ ಪೂರ್ತಿ ಹೋಗಿ ದಾಟಿ. ನಿಮ್ಮ ಹಿಂದಿನ ಕಾರಿಗೂ ಆಗ ಸೈಕಲ್ ಮೊದಲೇ ಕಾಣುತ್ತದೆ.
5. ಒಳಗಿನ ಕನ್ನಡಿಯಲ್ಲಿ ಸೈಕಲ್ ಪೂರ್ತಿ ಕಂಡ ಮೇಲೆ ಎಡಕ್ಕೆ ಮರಳಿ. ದಾಟಿದ ಕೂಡಲೇ ಕಟ್ ಹೊಡೆದು ಎಡಕ್ಕೆ ತಿರುಗುವುದಾದರೆ ಓವರ್‌ಟೇಕ್ ಮಾಡುವುದೇ ತಪ್ಪು. ಹಿಂದೆಯೇ ಐದು ಸೆಕೆಂಡ್ ಕಾದು ತಿರುಗಿ.

ವೇಗದ ಬೆಲೆ ಇಷ್ಟು. ಒಣ ರಸ್ತೆಯಲ್ಲಿ, ಅಪಾಯ ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಎಂದಿಟ್ಟುಕೊಂಡರೆ, 40 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 21 ಮೀಟರ್ ಬೇಕು. 60ರಲ್ಲಿ ಸುಮಾರು 40 ಮೀಟರ್. ವೇಗ ಒಂದೂವರೆಪಟ್ಟು, ದೂರ ಹೆಚ್ಚುಕಡಿಮೆ ಎರಡುಪಟ್ಟು.

ಬಾಗಿಲು ತೆರೆಯುವಾಗ ಕೈ ಬದಲಿಸಿ. ಬಲಬದಿಯ ಸೀಟಿನಲ್ಲಿರುವವರು ಎಡಗೈಯಿಂದ, ಎಡಬದಿಯವರು ಬಲಗೈಯಿಂದ ಹಿಡಿ ಎಳೆಯಬೇಕು. ಹೀಗೆ ಮಾಡಿದರೆ ಮೈ ತಾನಾಗಿ ತಿರುಗಿ ಕಣ್ಣು ಹಿಂದಕ್ಕೆ ಹೋಗುತ್ತದೆ. ಮೊದಲು ಒಂದು ಗೇಣು ತೆರೆದು ತಡೆಯಿರಿ, ಆಮೇಲೆ ಪೂರ್ತಿ. ಕ್ಯಾಬ್ ಪ್ರಯಾಣಿಕರು ಸಿಗ್ನಲ್ಲಿನಲ್ಲೇ ಎಡಬಾಗಿಲು ತೆರೆದು ಇಳಿಯುವುದನ್ನು ಚಾಲಕರು ತಡೆಯಬೇಕು. ಕಾರಿಗೂ ಫುಟ್‌ಪಾತಿಗೂ ನಡುವೆ ಸೈಕಲ್ಲು, ಬೈಕು ನುಸುಳುವ ಜಾಗ ಅದೇ.

ಸೈಕಲ್ಲಿಗೆಂದೇ ಗುರುತು ಮಾಡಿದ ಪಥದಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಬೇರ್ಪಡಿಸಿದ ಪಥ ಮೆಟ್ರೊ ಕಾಮಗಾರಿಯ ನಡುವೆ ತುಂಡುತುಂಡಾಯಿತು. ಉಳಿದ ಇಂಥ ಪಥಗಳ ಮೇಲೆ ‘ಎರಡೇ ನಿಮಿಷ’ ಎಂದು ಕಾರು ನಿಲ್ಲಿಸಿದರೆ ಆಗುವುದೇನು? ಸೈಕಲ್ಲಿನವರು ಕಂಬಗಳ ನಡುವಿನಿಂದ ಹೊರಬಂದು ವೇಗದ ಲೇನಿಗೇ ಸೇರಬೇಕಾಗುತ್ತದೆ. ಪಥ ಇಲ್ಲದಿದ್ದಾಗಿನ ಸ್ಥಿತಿಗಿಂತ ಇದು ಕೆಟ್ಟದು, ಯಾಕೆಂದರೆ ಅಲ್ಲಿ ಸೈಕಲ್ ಬರುತ್ತದೆಂದು ಯಾರೂ ಎಣಿಸಿರುವುದಿಲ್ಲ.

ಘಟ್ಟದ ರಸ್ತೆಯಲ್ಲಿ ಜಾಗ ಸಾಲದಾದಾಗ ಇಳಿಯುವವರು ನಿಂತು ಏರುವವರಿಗೆ ದಾರಿ ಬಿಡಬೇಕು. ಆಗುಂಬೆ, ಚಾರ್ಮಾಡಿಯ ತಿರುವುಗಳಲ್ಲಿ ಏರುವ ಸೈಕಲ್ಲಿನ ವೇಗ 6–8 ಕಿ.ಮೀ. ಇರುತ್ತದೆ. ಆ ವೇಗದಲ್ಲಿ ಸೈಕಲ್ ನೇರ ನಿಲ್ಲದೆ ಓಲಾಡುತ್ತದೆ, ಹಾಗಾಗಿ ಅಂತರ ಇನ್ನೂ ಹೆಚ್ಚು ಬೇಕು. ತಿರುವಿನಲ್ಲಿ ಓವರ್‌ಟೇಕ್ ಮಾತೇ ಬೇಡ.

ಕತ್ತಲೆಯಲ್ಲಿ

ಕಾರಿನ ಡಿಮ್ ಬೆಳಕಿನಲ್ಲಿ ಗಾಢ ಬಣ್ಣದ ಬಟ್ಟೆ ತೊಟ್ಟವರು ಕಾಣುವುದು ಸುಮಾರು 40–50 ಮೀಟರ್ ಹತ್ತಿರ ಬಂದಾಗ. ಮೇಲೆ ಹೇಳಿದ 60 ಕಿ.ಮೀ. ವೇಗದ ನಿಲುಗಡೆ ದೂರವೂ ಸುಮಾರು ಅಷ್ಟೇ. ದೀಪವಿಲ್ಲದ ಸೈಕಲ್ಲಿಗೆ ಉಳಿಯುವ ಅಂತರ ಇಷ್ಟು ಸಣ್ಣದು.

ಹಿಂದೆ ಕೆಂಪು, ಮುಂದೆ ಬಿಳಿ. ಇದನ್ನು ಅದಲುಬದಲು ಮಾಡಬಾರದು, ಏಕೆಂದರೆ ಚಾಲಕರು ಬಣ್ಣ ನೋಡಿಯೇ ನೀವು ಹೋಗುತ್ತಿದ್ದೀರೋ ಬರುತ್ತಿದ್ದೀರೋ ಎಂದು ನಿರ್ಧರಿಸುತ್ತಾರೆ. ಹಿಂದಿನ ದೀಪ ನೆಲಕ್ಕೆ ಸಮಾಂತರವಾಗಿರಲಿ. ಸೀಟಿನ ಕೋಲಿಗೆ ಓರೆಯಾಗಿ ಕಟ್ಟಿದರೆ ಬೆಳಕು ರಸ್ತೆಗೋ ಆಕಾಶಕ್ಕೋ ಹೋಗುತ್ತದೆ. ಸದಾ ಉರಿಯುವ ಒಂದು, ಮಿನುಗುವ ಒಂದು ಇದ್ದರೆ ಉತ್ತಮ: ಮಿನುಗುವುದು ಗಮನ ಸೆಳೆಯುತ್ತದೆ, ಸ್ಥಿರ ದೀಪ ದೂರ ಅಂದಾಜಿಸಲು ನೆರವಾಗುತ್ತದೆ. ಬೀದಿದೀಪವಿರುವ ಕಡೆ ಮುಂದೆ 100 ಲ್ಯೂಮೆನ್ (ದೀಪದ ಬೆಳಕಿನ ಅಳತೆ) ಸಾಕು. ಕಗ್ಗತ್ತಲ ಹಳ್ಳಿ ರಸ್ತೆಗೆ 300–400 ಬೇಕು, ಅಲ್ಲಿ ರಸ್ತೆಯೂ ನಿಮಗೆ ಕಾಣಬೇಕಲ್ಲ.

ಮುಂದಿನ ದೀಪ ಸರಿಹೊಂದಿಸಲು ಸೈಕಲ್ಲನ್ನು ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ. ದೀಪದ ಎತ್ತರ 1 ಮೀಟರ್ ಇದ್ದರೆ ಬೆಳಕಿನ ನಡುಬಿಂದು ಗೋಡೆಯ ಮೇಲೆ ಅರ್ಧ ಮೀಟರ್ ಎತ್ತರದಲ್ಲಿ ಬೀಳಬೇಕು. ಆಗ ರಸ್ತೆಯಲ್ಲಿ ಅದು 10 ಮೀಟರ್ ಮುಂದೆ ಬೀಳುತ್ತದೆ, ಎದುರಿನವರ ಕಣ್ಣಿಗೆ ಹೊಡೆಯುವುದಿಲ್ಲ. ರಾತ್ರಿ ಮುಂದಿನ ದೀಪವನ್ನು ಜೋರಾಗಿ ಮಿನುಗಿಸುತ್ತ ಹೋಗುವ ಹೊಸ ಶೋಕಿಗೂ ಕಾರಿನವರ ಹೈಬೀಮ್ ಚಟಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಕ್ಯಾರಿಯರಿಗೆ ಹಾಲಿನ ಕ್ಯಾನು, ಹುಲ್ಲಿನ ಹೊರೆ ಕಟ್ಟಿದರೆ ಹಿಂದಿನ ದೀಪವೂ ರಿಫ್ಲೆಕ್ಟರೂ ಮುಚ್ಚಿಹೋಗುತ್ತವೆ. ಕ್ಯಾನಿನ ಹಿಂಭಾಗಕ್ಕೇ 5 ಸೆಂಟಿಮೀಟರ್ ಅಗಲದ ಕೆಂಪು ಹೊಳೆಯುವ ಟೇಪು ಸುತ್ತಿ. ಪೆಡಲಿನ ರಿಫ್ಲೆಕ್ಟರ್ ಬಿದ್ದುಹೋಗಿದ್ದರೆ ಹೊಸದು ಹಾಕಿಸಿ, ಇಲ್ಲವೇ ಕಣಕಾಲಿಗೆ ಹೊಳೆಯುವ ಪಟ್ಟಿ ಕಟ್ಟಿಕೊಳ್ಳಿ. ಮೇಲೆ ಕೆಳಗೆ ಆಡುವ ಹೊಳಪು ಕಂಡರೆ ಚಾಲಕರಿಗೆ ‘ಸೈಕಲ್’ ಎಂದು ಕ್ಷಣದಲ್ಲಿ ಗೊತ್ತಾಗುತ್ತದೆ.

ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಓಡುತ್ತವೆ, ಕೆಲವೊಮ್ಮೆ ರಸ್ತೆಯಲ್ಲೇ ಕೆಟ್ಟು ನಿಲ್ಲುತ್ತವೆ. ಅದನ್ನು ದಾಟುವ ಕಾರು ಒಮ್ಮೆಲೆ ಬಲಕ್ಕೆ ಎಳೆದುಕೊಳ್ಳುತ್ತದೆ. ಎದುರಿನಿಂದ ಬರುವ ಸೈಕಲ್ ಸವಾರರಿಗೆ ಆಗ ರಸ್ತೆ ಬಿಟ್ಟಿಳಿಯುವುದೊಂದೇ ದಾರಿ. ಹೊರೆ ಹೊತ್ತ ಟ್ರ್ಯಾಕ್ಟರ್ ಎದುರಿಗೆ ಕಂಡರೆ ಅದರ ಹಿಂದಿನಿಂದ ಯಾರೋ ಹೊರಬರುತ್ತಾರೆ ಎಂದೇ ತಿಳಿದು ಮೊದಲೇ ವೇಗ ಇಳಿಸಿ.

ಮಳೆ, ಬೆಳೆ, ಬ್ರೇಕು

ರಿಮ್ ಬ್ರೇಕಿನ ಸೈಕಲ್ ಮಳೆಯಲ್ಲಿ ತಕ್ಷಣ ಹಿಡಿಯುವುದಿಲ್ಲ. ಚಕ್ರ ಒಂದೆರಡು ಸುತ್ತು ತಿರುಗಿ ರಿಮ್ಮಿನ ನೀರು ಒರೆಸಿದ ಮೇಲಷ್ಟೇ ರಬ್ಬರು ಕಚ್ಚುತ್ತದೆ. ಇಳಿಜಾರಿಗೆ ಮೊದಲೇ ಹಗುರವಾಗಿ ಬ್ರೇಕ್ ಒತ್ತಿ ರಿಮ್ ಒಣಗಿಸಿಕೊಳ್ಳಿ. ಬ್ರೇಕ್ ರಬ್ಬರಿಗೂ ರಿಮ್ಮಿಗೂ ನಡುವೆ 2–3 ಮಿಲಿಮೀಟರ್ ಅಂತರವಿರಲಿ. ರಬ್ಬರಿನ ಮೇಲಿನ ಗೀರುಗಳು ಸವೆದು ಮಾಯವಾಗಿದ್ದರೆ ಬದಲಿಸಿ. ಒಣ ರಸ್ತೆಯಲ್ಲೂ 25 ಕಿ.ಮೀ. ವೇಗದ ಸೈಕಲ್ ನಿಲ್ಲಲು 13 ಮೀಟರಿನಷ್ಟು ಬೇಕು. ‘ಸೈಕಲ್ ತಾನೆ, ತಕ್ಷಣ ನಿಲ್ಲುತ್ತದೆ’ ಎಂದು ಅದರ ಮುಂದೆ ಅಡ್ಡ ಬರುವವರೂ ಇದನ್ನು ತಿಳಿದಿರಬೇಕು.

ಒದ್ದೆ ರಸ್ತೆಯಲ್ಲಿ ದಪ್ಪ ಬಿಳಿ ಗೆರೆಗಳು, ಜೀಬ್ರಾ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಫ್ಲೈಓವರಿನ ಉಕ್ಕಿನ ಜೋಡಣೆ, ಇವುಗಳ ಮೇಲೆ ಬ್ರೇಕ್ ಒತ್ತಬಾರದು, ಹ್ಯಾಂಡಲ್ ತಿರುಗಿಸಬಾರದು. ರೈಲು ಹಳಿಯನ್ನು ಲಂಬಕೋನದಲ್ಲೇ ದಾಟಿ. ಮಲೆನಾಡಿನಲ್ಲಿ ರಸ್ತೆಯಂಚಿನ ಪಾಚಿ ಕೂಡ ಅಂಚು ಬಿಡಲು ಒಂದು ಕಾರಣ. ಬೇಸಿಗೆಯ ನಂತರದ ಮೊದಲ ಮಳೆಯೇ ಎಲ್ಲಕ್ಕಿಂತ ಜಾರು, ತಿಂಗಳುಗಟ್ಟಲೆ ಸೋರಿದ ಎಣ್ಣೆಯೂ ಧೂಳೂ ನೀರಿನ ಜೊತೆ ಮೇಲೆದ್ದಿರುತ್ತವೆ. ನೀರು ನಿಂತ ಅಂಡರ್‌ಪಾಸಿಗೆ ಸೈಕಲ್ ಇಳಿಸಬೇಡಿ, ತೆರೆದ ಮೋರಿ ಕಾಣುವುದಿಲ್ಲ. ಕಾರಿನವರು ನಿಂತ ನೀರನ್ನು ವೇಗವಾಗಿ ದಾಟಿದರೆ ಆ ಕೆಸರುನೀರು ಪಕ್ಕದ ಸವಾರರ ಕಣ್ಣಿಗೇ ಹೊಡೆಯುತ್ತದೆ, ಅವರು ಎರಡು ಸೆಕೆಂಡ್ ಕುರುಡಾಗುತ್ತಾರೆ.

ಸುಗ್ಗಿಯಲ್ಲಿ ಹಳೆ ಮೈಸೂರು ಸೀಮೆಯ ರಸ್ತೆಗಳಲ್ಲಿ ಹುರುಳಿ, ರಾಗಿ ಒಕ್ಕಣೆಗೆ ಹರಡಿರುತ್ತಾರೆ. ಹುರುಳಿ ಬಳ್ಳಿ ಸೈಕಲ್ಲಿನ ಚೈನಿಗೂ ಗೇರಿಗೂ ಸುತ್ತಿಕೊಂಡರೆ ಹಿಂಚಕ್ರ ಹಠಾತ್ತಾಗಿ ನಿಲ್ಲುತ್ತದೆ. ಇಳಿದು ತಳ್ಳುವುದೇ ಲೇಸು. ಒಕ್ಕಣೆ ತಪ್ಪಿಸಲು ಎಲ್ಲ ವಾಹನಗಳೂ ರಸ್ತೆಯ ಒಂದೇ ಪಕ್ಕಕ್ಕೆ ಬರುವುದರಿಂದ ಎದುರುಬದುರಾಗುವ ಅಪಾಯವೂ ಅಲ್ಲಿದೆ.

ಹೆಲ್ಮೆಟ್ ವಿಚಾರ ಚಿಕ್ಕದು. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಪಟ್ಟಿ ಕಿವಿಯ ಕೆಳಗೆ ಕೂಡಬೇಕು, ಗಲ್ಲದಡಿ ಒಂದು ಬೆರಳಷ್ಟೇ ಹಿಡಿಸಬೇಕು. ಖಂಡಿತ ಹಾಕಿ. ಆದರೆ ತಪ್ಪು ಜಾಗದಲ್ಲಿ ತುಳಿಯುವವರನ್ನು ಹೆಲ್ಮೆಟ್ ಬಸ್ಸಿನ ಹಿಂಚಕ್ರದಿಂದ ಕಾಪಾಡಲಾರದು.

ಬ್ಯಾಟರಿ ಸೈಕಲ್ ಕೊಳ್ಳುವವರು ಎರಡು ಅಂಕಿ ನೋಡಿ: ಮೋಟಾರು 250 ವ್ಯಾಟಿನೊಳಗೆ, ಗರಿಷ್ಠ ವೇಗ 25 ಕಿ.ಮೀ.ಗಿಂತ ಕಡಿಮೆ. ನಿಗದಿತ ಪರೀಕ್ಷೆಯಲ್ಲಿ ಪಾಸಾದ ಇಂಥವಕ್ಕೆ ನೋಂದಣಿ, ಲೈಸೆನ್ಸ್ ಬೇಡ. ಅಂಗಡಿಯವರು ವೇಗಮಿತಿಯ ‘ಲಾಕ್’ ತೆಗೆದು 40ಕ್ಕೆ ಏರಿಸಿಕೊಟ್ಟರೆ ಅದು ಕಾನೂನಿನ ಕಣ್ಣಿಗೆ ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ.

ಅಪಘಾತವಾದರೆ

ಮೊದಲು 108 ಅಥವಾ 112, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಬಿದ್ದವರ ಹೆಲ್ಮೆಟ್ಟನ್ನು ಎಳೆದು ತೆಗೆಯಬೇಡಿ, ಕುತ್ತಿಗೆಗೆ ಪೆಟ್ಟಾಗಿರಬಹುದು. ಹಿಂದೆ 30–40 ಮೀಟರ್ ದೂರದಲ್ಲಿ ಯಾರನ್ನಾದರೂ ನಿಲ್ಲಿಸಿ ವಾಹನಗಳನ್ನು ನಿಧಾನಿಸಿ. ನೆರವಿಗೆ ಬಂದವರಿಗೆ ಪೊಲೀಸ್, ಕೋರ್ಟು ಎಂಬ ಭಯ ಬೇಡ: ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರಿಗೆ ರಕ್ಷಣೆ ಕೊಡುತ್ತದೆ, ಕರ್ನಾಟಕದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆಯೂ ಇದೆ. ಗುದ್ದಿದ ವಾಹನದ ಚಾಲಕರು ಗಾಯಾಳುವಿಗೆ ಚಿಕಿತ್ಸೆ ದೊರಕಿಸಬೇಕು, ಪೊಲೀಸರಿಗೆ ತಿಳಿಸಬೇಕು. 134ನೇ ಕಲಮಿನ ಪ್ರಕಾರ ಇದು ಅವರ ಹೊಣೆ.

ಸೈಕಲ್ಲಿಗೆ ವಿಮೆ ಇಲ್ಲದಿದ್ದರೂ ಪರಿಹಾರದ ದಾರಿ ಮುಚ್ಚಿಲ್ಲ. ಮೋಟಾರು ವಾಹನಕ್ಕೆ ಕಡ್ಡಾಯವಾಗಿರುವ ಥರ್ಡ್ ಪಾರ್ಟಿ ವಿಮೆಯಲ್ಲಿ ಆ ‘ಮೂರನೆಯವರು’ ಎಂದರೆ ನೀವೇ. ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿ ಇದಕ್ಕೆ ಆರು ತಿಂಗಳ ಗಡುವು ಇಟ್ಟಿದೆ, ಆದ್ದರಿಂದ ತಡಮಾಡದೆ ವಕೀಲರನ್ನು ಕಾಣಿ. ಗುದ್ದಿದ ವಾಹನ ಪರಾರಿಯಾಗಿ ಪತ್ತೆಯಾಗದಿದ್ದರೆ ಕೇಂದ್ರದ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಈ ಮೊತ್ತ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2025ರ ಮೇ ತಿಂಗಳಲ್ಲಿ ಅಧಿಸೂಚನೆಯಾದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಮೋಟಾರು ವಾಹನದಿಂದ ಗಾಯಗೊಂಡವರಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ, ಗರಿಷ್ಠ 1.5 ಲಕ್ಷ ರೂಪಾಯಿಯ ಚಿಕಿತ್ಸೆಗೆ ಅವಕಾಶವಿದೆ.

ಸ್ಥಳದಲ್ಲಿ ನಂಬರ್ ಪ್ಲೇಟ್, ವಾಹನ ನಿಂತ ಜಾಗ, ಬ್ರೇಕಿನ ಗೀರು, ಹತ್ತಿರದ ಅಂಗಡಿಗಳ ಕ್ಯಾಮೆರಾ ಇರುವ ಕಡೆ, ಇವುಗಳ ಫೋಟೊ ತೆಗೆಯಿರಿ. ನೋಡಿದವರ ಫೋನ್ ನಂಬರ್ ಪಡೆಯಿರಿ. ‘ಇಲ್ಲೇ ಮುಗಿಸೋಣ’ ಎಂದು ಕೈಗೆ ಇಡುವ ದುಡ್ಡಿಗೆ ಒಪ್ಪಿ ಹೊರಡಬೇಡಿ, ತಲೆಯ ಪೆಟ್ಟು ಕೆಲವೊಮ್ಮೆ ಗಂಟೆಗಳ ಮೇಲೆ ತೋರುತ್ತದೆ. ಆಸ್ಪತ್ರೆಯಲ್ಲಿ ‘ಸೈಕಲ್ಲಿನಿಂದ ಬಿದ್ದೆ’ ಎಂದಷ್ಟೇ ಹೇಳದೆ ಯಾವ ವಾಹನ ಗುದ್ದಿತು ಎಂಬುದನ್ನೂ ಬರೆಸಿ. ಮುಂದೆ ನ್ಯಾಯಮಂಡಳಿಯಲ್ಲಿ ಮೊದಲು ನೋಡುವುದು ಆ ಚೀಟಿಯನ್ನೇ. ಪೊಲೀಸರ ಮಹಜರು ಮುಗಿಯುವವರೆಗೆ ಸೈಕಲ್ಲನ್ನು ರಿಪೇರಿಗೆ ಕೊಡಬೇಡಿ, ಬಾಗಿದ ರಿಮ್ಮು ಪೆಟ್ಟು ಯಾವ ಕಡೆಯಿಂದ ಬಿತ್ತು ಎಂಬುದಕ್ಕೆ ಸಾಕ್ಷಿ. ರಿಪೇರಿಯಾದ ಮೇಲೂ ಮುಂಚಕ್ರ ಹಿಡಿದಿರುವ ಫೋರ್ಕಿನ ಬುಡದಲ್ಲಿ ಬಣ್ಣ ಬಿರಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಬಿರಿದಿದ್ದರೆ ಫೋರ್ಕ್ ಬದಲಿಸದೆ ಆ ಸೈಕಲ್ಲನ್ನು ರಸ್ತೆಗೆ ತರಬೇಡಿ.